ಮೋಸೆಸ್ ಫ್ಲೀಟ್‌ವುಡ್ ವಾಕರ್: ರಾಬಿನ್ಸನ್‌ಗಿಂತ 63 ವರ್ಷ ಮೊದಲು ಕಣಕ್ಕಿಳಿದ ಆಟಗಾರ

ಅಮೆರಿಕದ ಅಗ್ರ ದರ್ಜೆಯ ಬೇಸ್‌ಬಾಲ್‌ನಲ್ಲಿ ಬಿಳಿಯರೊಂದಿಗೆ ಆಡಿದ ಮೊದಲ ಕಪ್ಪು ಜನಾಂಗದ ಆಟಗಾರ ಯಾರೆಂದು ಕೇಳಿದರೆ ಬಹುತೇಕರು ಹೇಳುವ ಹೆಸರು ಜಾಕಿ ರಾಬಿನ್ಸನ್. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ರಾಬಿನ್ಸನ್ ಮೈದಾನಕ್ಕಿಳಿದದ್ದು ಆ ದೇಶದ ಸಾಮಾಜಿಕ ಚರಿತ್ರೆಯಲ್ಲೇ ಒಂದು ಮೈಲಿಗಲ್ಲು ಎಂದು ಪರಿಗಣಿತವಾಗಿದೆ. ಆದರೆ ಅದಕ್ಕೂ 63 ವರ್ಷಗಳ ಹಿಂದೆ, 1884ರ ಮೇ 1ರಂದು, ಓಹಾಯೊ ರಾಜ್ಯದ ಟೊಲೆಡೊ ನಗರದ ತಂಡದಲ್ಲಿ ಕ್ಯಾಚರ್ ಆಗಿ ಆಡಿದವರು ಮೋಸೆಸ್ ಫ್ಲೀಟ್‌ವುಡ್ ವಾಕರ್. ಅವರು ಕಾಲೇಜು ಓದಿದವರು, ವೈದ್ಯರ ಮಗ, ಕಪ್ಪು ಜನಾಂಗಕ್ಕೆ ಸೇರಿದವರು.

ಬೇಸ್‌ಬಾಲ್‌ನ ವರ್ಣಭೇದ ಆಟದೊಂದಿಗೇ ಹುಟ್ಟಿ, 1947ರಲ್ಲಿ ಒಮ್ಮೆಗೇ ಕೊನೆಗೊಂಡಿತು ಎಂಬ ಭಾವನೆ ವ್ಯಾಪಕವಾಗಿದೆ. ಚರಿತ್ರೆ ಅಷ್ಟು ಸರಳವಾಗಿಲ್ಲ. ಹವ್ಯಾಸಿ ಕ್ಲಬ್ಬುಗಳ ರಾಷ್ಟ್ರೀಯ ಒಕ್ಕೂಟವು 1867ರಲ್ಲಿಯೇ ಕಪ್ಪು ಜನರಿದ್ದ ಕ್ಲಬ್ಬುಗಳಿಗೆ ಸದಸ್ಯತ್ವ ನಿರಾಕರಿಸಿದ್ದು ನಿಜ. ಆದರೆ ಆ ಒಕ್ಕೂಟ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. ನಂತರ ಬಂದ ವೃತ್ತಿಪರ ಲೀಗ್‌ಗಳ ಕಟ್ಟಳೆಗಳಲ್ಲಿ ಅಂಥ ಲಿಖಿತ ನಿಷೇಧ ಇರಲಿಲ್ಲ. 1878ರಲ್ಲಿ ಬಡ್ ಫೌಲರ್ ಎಂಬ ಕಪ್ಪು ಆಟಗಾರ ಸಂಬಳ ಪಡೆದು ಬಿಳಿಯರ ತಂಡವೊಂದರಲ್ಲಿ ಆಡಿದ್ದರು. ಬಾಗಿಲು ಪೂರ್ತಿ ತೆರೆದಿರಲಿಲ್ಲವಾದರೂ ಬೀಗ ಬಿದ್ದಿರಲಿಲ್ಲ. ಅದಕ್ಕೆ ಬೀಗ ಬಿದ್ದ ಬಗೆಯನ್ನು ಹಂತ ಹಂತವಾಗಿ ನೋಡಬೇಕೆಂದರೆ ವಾಕರ್ ಅವರ ವೃತ್ತಿಜೀವನವನ್ನು ನೋಡಬೇಕು.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಾಕರ್ ಜನಿಸಿದ್ದು 1856ರ ಅಕ್ಟೋಬರ್ 7ರಂದು, ಓಹಾಯೊದ ಪೂರ್ವ ಭಾಗದಲ್ಲಿರುವ ಮೌಂಟ್ ಪ್ಲೆಸೆಂಟ್ ಎಂಬ ಚಿಕ್ಕ ಊರಿನಲ್ಲಿ. ಓಹಾಯೊ ಗುಲಾಮಗಿರಿಯನ್ನು ಒಪ್ಪದ ರಾಜ್ಯ. ಮೌಂಟ್ ಪ್ಲೆಸೆಂಟ್‌ನಲ್ಲಿ ಕ್ವೇಕರ್ ಪಂಥದ ಕ್ರೈಸ್ತರು ಹೆಚ್ಚಿನ ಸಂಖ್ಯೆಯಲ್ಲಿದ್ದು, ದಕ್ಷಿಣದಿಂದ ತಪ್ಪಿಸಿಕೊಂಡು ಬರುವ ಗುಲಾಮರಿಗೆ ಆಶ್ರಯ ನೀಡುವ ಪರಂಪರೆ ಆ ಊರಿಗಿತ್ತು. ಮೋಸೆಸ್ ಮೂರು ವರ್ಷದ ಬಾಲಕನಾಗಿದ್ದಾಗ ಕುಟುಂಬ ಸಮೀಪದ ಸ್ಟೂಬನ್‌ವಿಲ್ ಪಟ್ಟಣಕ್ಕೆ ವಲಸೆ ಹೋಯಿತು. ತಂದೆ ಮೋಸೆಸ್ ಡಬ್ಲ್ಯು. ವಾಕರ್ ಅಲ್ಲಿ ವೈದ್ಯರಾಗಿ ಹೆಸರು ಮಾಡಿದರು. ಮುಂದೆ ಮೆಥಡಿಸ್ಟ್ ಚರ್ಚಿನ ಧರ್ಮಬೋಧಕರೂ ಆದರು. ಓಹಾಯೊದ ಮೊದಲ ಕಪ್ಪು ವೈದ್ಯರಲ್ಲಿ ಅವರೊಬ್ಬರು. ತಾಯಿ ಕ್ಯಾರೊಲಿನ್. ತಮ್ಮ ವೆಲ್ಡಿ 1860ರಲ್ಲಿ ಜನಿಸಿದ. ಅಣ್ಣನ ಕಥೆಯಲ್ಲಿ ಈ ತಮ್ಮನ ಪಾತ್ರ ಕಿರಿದೇನಲ್ಲ.

1870ರ ದಶಕದ ಕೊನೆಯಲ್ಲಿ ವಾಕರ್ ಓಬರ್ಲಿನ್ ಕಾಲೇಜು ಸೇರಿದರು. 1833ರಲ್ಲಿ ಸ್ಥಾಪಿತವಾದ ಈ ವಿದ್ಯಾಸಂಸ್ಥೆ ಎರಡೇ ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶ ನೀಡಲು ನಿರ್ಧರಿಸಿತ್ತು. ಅಮೆರಿಕದ ಬಹುತೇಕ ಕಾಲೇಜುಗಳು ಆ ಬಗ್ಗೆ ಯೋಚಿಸದಿದ್ದ ಕಾಲವದು. ವಾಕರ್ ಮೊದಮೊದಲು ಓದಿನಲ್ಲಿ ಮುಂದಿದ್ದರು. ಆದರೆ ಬೇಸ್‌ಬಾಲ್ ಅವರನ್ನು ತರಗತಿಯಿಂದ ಮೈದಾನಕ್ಕೆ ಸೆಳೆಯಿತು. 1881ರಲ್ಲಿ ಓಬರ್ಲಿನ್ ಮೊದಲ ಬಾರಿಗೆ ಅಂತರ ಕಾಲೇಜು ಪಂದ್ಯಗಳಿಗಾಗಿ ತಂಡ ಕಟ್ಟಿದಾಗ ಅಣ್ಣ ತಮ್ಮ ಇಬ್ಬರೂ ಅದರಲ್ಲಿದ್ದರು. ಋತುವಿನ ಕೊನೆಯ ಪಂದ್ಯದಲ್ಲಿ ಓಬರ್ಲಿನ್ ತಂಡ ಮಿಷಿಗನ್ ವಿಶ್ವವಿದ್ಯಾಲಯವನ್ನು 9-2ರಿಂದ ಮಣಿಸಿತು. ಸೋತ ಮಿಷಿಗನ್ ಗೆದ್ದವರ ಕ್ಯಾಚರ್‌ನನ್ನೇ ತನ್ನೆಡೆಗೆ ಕರೆಸಿಕೊಂಡಿತು! ವಾಕರ್ 1882ರಲ್ಲಿ ಅಲ್ಲಿ ಕಾನೂನು ವಿಭಾಗಕ್ಕೆ ಸೇರಿದರು. ಅದೇ ವರ್ಷ ಓಬರ್ಲಿನ್‌ನ ಅರಾಬೆಲಾ ಟೇಲರ್ ಅವರೊಂದಿಗೆ ವಿವಾಹವಾಯಿತು. ಎರಡೂ ಕಡೆ ಪದವಿ ಪೂರ್ಣಗೊಳ್ಳಲಿಲ್ಲ.

ಇದರ ನಡುವೆ ಒಂದು ಕಹಿ ಪ್ರಸಂಗ ನಡೆದಿತ್ತು. 1881ರ ಆಗಸ್ಟ್‌ನಲ್ಲಿ ವಾಕರ್ ಕ್ಲೀವ್‌ಲೆಂಡ್‌ನ ವೈಟ್ ಹೊಲಿಗೆ ಯಂತ್ರ ಕಂಪನಿಯ ತಂಡದೊಂದಿಗೆ ಕೆಂಟಕಿ ರಾಜ್ಯದ ಲೂಯಿವಿಲ್‌ಗೆ ತೆರಳಿದ್ದರು. ಕಪ್ಪು ಆಟಗಾರ ಕಣಕ್ಕಿಳಿಯುವುದಕ್ಕೆ ಆತಿಥೇಯ ತಂಡ ಆಕ್ಷೇಪಿಸಿತು. ಬದಲಿ ಕ್ಯಾಚರ್ ಒಂದೇ ಇನ್ನಿಂಗ್ಸ್‌ನಲ್ಲಿ ಕೈಗೆ ಪೆಟ್ಟು ಮಾಡಿಕೊಂಡು ಹೊರಬಂದಾಗ ಪ್ರೇಕ್ಷಕರೇ ವಾಕರ್ ಬರಲಿ ಎಂದು ಕೂಗಿದರು. ವಾಕರ್ ಬಂದು ಅಭ್ಯಾಸಕ್ಕಾಗಿ ಕೆಲವು ಚೆಂಡು ಹಿಡಿದದ್ದೂ ಆಯಿತು. ಆದರೆ ಲೂಯಿವಿಲ್‌ನ ಇಬ್ಬರು ಆಟಗಾರರು ಮೈದಾನದಿಂದ ಹೊರನಡೆದ ಕಾರಣ ಅವರು ಮತ್ತೆ ಹಿಂತಿರುಗಬೇಕಾಯಿತು. ಅಂದು ಪ್ರೇಕ್ಷಕರ ದೊಡ್ಡ ಭಾಗ ಅವರ ಪರವಾಗಿತ್ತು, ಅಡ್ಡಿ ಬಂದದ್ದು ಸಹ ಆಟಗಾರರಿಂದ ಎಂಬುದು ಇಲ್ಲಿ ಗಮನಾರ್ಹ. ಮುಂದಿನ ಎಂಟು ವರ್ಷಗಳಲ್ಲಿ ಇದು ಮತ್ತೆ ಮತ್ತೆ ಕಂಡುಬರುತ್ತದೆ.

ಟೊಲೆಡೊ ಮತ್ತು ಆನ್ಸನ್

1883ರಲ್ಲಿ ನಾರ್ತ್‌ವೆಸ್ಟರ್ನ್ ಲೀಗ್‌ನ ಟೊಲೆಡೊ ಬ್ಲೂ ಸ್ಟಾಕಿಂಗ್ಸ್ ತಂಡ ವಾಕರ್ ಅವರನ್ನು ಸಂಬಳಕ್ಕೆ ಗೊತ್ತುಮಾಡಿಕೊಂಡಿತು. ತಂಡದ ವ್ಯವಸ್ಥಾಪಕ ವಿಲಿಯಂ ವೋಲ್ಟ್ಜ್ ಕ್ಲೀವ್‌ಲೆಂಡ್‌ನಲ್ಲಿ ಕ್ರೀಡಾ ವರದಿಗಾರರಾಗಿದ್ದವರು. ವಾಕರ್ ಆಟವನ್ನು ಕಣ್ಣಾರೆ ಕಂಡಿದ್ದರು. ಋತು ಆರಂಭಕ್ಕೂ ಮೊದಲೇ, ಮಾರ್ಚ್‌ನಲ್ಲಿ ನಡೆದ ಲೀಗ್ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಪಿಯೋರಿಯಾ ಕ್ಲಬ್ಬಿನ ಪ್ರತಿನಿಧಿ ಕಪ್ಪು ಆಟಗಾರರನ್ನು ನಿಷೇಧಿಸುವ ಗೊತ್ತುವಳಿ ಮಂಡಿಸಿದರು. ಬಿರುಸಿನ ಚರ್ಚೆಯ ನಂತರ ಅದನ್ನು ಹಿಂತೆಗೆದುಕೊಳ್ಳಲಾಯಿತು. ವಾಕರ್ 60 ಪಂದ್ಯಗಳಲ್ಲಿ ಆಡಿದರು. ಟೊಲೆಡೊ ಲೀಗ್ ಪ್ರಶಸ್ತಿಯನ್ನೇ ಗೆದ್ದಿತು.

ಆ ಬೇಸಿಗೆಯ ಅತ್ಯಂತ ಪ್ರಸಿದ್ಧ ಘಟನೆ ಲೀಗ್ ಪಂದ್ಯದಲ್ಲಿ ನಡೆದದ್ದಲ್ಲ. ಆಗಸ್ಟ್ 10ರಂದು ಷಿಕಾಗೊ ವೈಟ್ ಸ್ಟಾಕಿಂಗ್ಸ್ ತಂಡ ಪ್ರದರ್ಶನ ಪಂದ್ಯವಾಡಲು ಟೊಲೆಡೊಗೆ ಬಂದಿತ್ತು. 1880ರಿಂದ ಸತತ ಮೂರು ವರ್ಷ ನ್ಯಾಷನಲ್ ಲೀಗ್ ಗೆದ್ದಿದ್ದ ಬಲಾಢ್ಯ ತಂಡವದು. ಅದರ ನಾಯಕ ಹಾಗೂ ವ್ಯವಸ್ಥಾಪಕ ಕ್ಯಾಪ್ ಆನ್ಸನ್ ಅಂದಿನ ಅತಿ ದೊಡ್ಡ ತಾರೆ. ಕಪ್ಪು ಆಟಗಾರನಿದ್ದರೆ ತಮ್ಮ ತಂಡ ಆಡುವುದಿಲ್ಲ ಎಂದು ಆನ್ಸನ್ ಪಟ್ಟು ಹಿಡಿದರು. ವಿಪರ್ಯಾಸವೆಂದರೆ ವಾಕರ್ ಅವರಿಗೆ ಅಂದು ವಿಶ್ರಾಂತಿ ನೀಡುವುದೆಂದು ಮೊದಲೇ ನಿರ್ಧಾರವಾಗಿತ್ತು! ವೋಲ್ಟ್ಜ್ ಬಳಿಕ ಹೊಣೆ ವಹಿಸಿಕೊಂಡಿದ್ದ ಚಾರ್ಲಿ ಮಾರ್ಟನ್ ಈ ಬೆದರಿಕೆ ಕೇಳಿದ ಮೇಲೆ ಉದ್ದೇಶಪೂರ್ವಕವಾಗಿಯೇ ವಾಕರ್ ಅವರನ್ನು ರೈಟ್ ಫೀಲ್ಡ್‌ನಲ್ಲಿ ನಿಲ್ಲಿಸಿದರು. ಆಡದಿದ್ದರೆ ಟಿಕೆಟ್ ಹಣದಲ್ಲಿ ಷಿಕಾಗೊ ಪಾಲು ದೊರೆಯುವುದಿಲ್ಲ ಎಂದೂ ತಿಳಿಸಿದರು. ಹಣದ ಮಾತು ಬಂದೊಡನೆ ಆನ್ಸನ್ ಮಣಿದರು. ಪಂದ್ಯ ನಡೆದು, ಷಿಕಾಗೊ 7-6ರಿಂದ ಗೆದ್ದಿತು.

ಮಾರ್ಟನ್ ಅವರ ಈ ದಿಟ್ಟತನವನ್ನು ನೆನಪಿಡಬೇಕು. ಒಬ್ಬ ವ್ಯವಸ್ಥಾಪಕ ಅಲುಗಾಡದೆ ನಿಂತರೆ ಆನ್ಸನ್‌ರಂಥವರೂ ಹಿಂದೆ ಸರಿಯುತ್ತಿದ್ದರು ಎಂಬುದಕ್ಕೆ ಅಂದಿನ ಪಂದ್ಯವೇ ಸಾಕ್ಷಿ. ಆದರೆ ಷಿಕಾಗೊ ಕ್ಲಬ್ ಪಾಠ ಕಲಿತದ್ದು ಬೇರೆ ರೀತಿಯಲ್ಲಿ. ಮರುವರ್ಷ ಮತ್ತೊಂದು ಪ್ರದರ್ಶನ ಪಂದ್ಯಕ್ಕೆ ದಿನ ಗೊತ್ತುಪಡಿಸುವಾಗ, ವಾಕರ್ ಅವರನ್ನು ಆಡಿಸುವುದಿಲ್ಲ ಎಂಬ ಲಿಖಿತ ಭರವಸೆ ಬೇಕೆಂದು ಅದು ಮುಂಚಿತವಾಗಿಯೇ ಪತ್ರ ಬರೆಯಿತು.

1884: ಅಗ್ರ ದರ್ಜೆಯ ಒಂದು ಋತು

1884ರಲ್ಲಿ ಟೊಲೆಡೊ ತಂಡವನ್ನು ಅಮೆರಿಕನ್ ಅಸೋಸಿಯೇಷನ್ ತನ್ನೊಳಗೆ ಸೇರಿಸಿಕೊಂಡಿತು. ನ್ಯಾಷನಲ್ ಲೀಗ್‌ಗೆ ಸರಿಸಮನಾಗಿ ನಿಂತಿದ್ದ ಈ ಸಂಸ್ಥೆಯನ್ನು ಇಂದಿನ ದಾಖಲೆಗಳೂ 'ಮೇಜರ್ ಲೀಗ್' ಎಂದೇ ಗುರುತಿಸುತ್ತವೆ. ಹೀಗಾಗಿ ವಾಕರ್ ತಾವು ತಂಡ ಬದಲಿಸದೆಯೇ ಮೇಜರ್ ಲೀಗ್ ಆಟಗಾರರಾದರು. ಮೇ 1ರ ಮೊದಲ ಪಂದ್ಯ ನಡೆದದ್ದು ಲೂಯಿವಿಲ್‌ನಲ್ಲಿ. ಮೂರು ವರ್ಷಗಳ ಹಿಂದೆ ಅವರನ್ನು ಹೊರಗಿಟ್ಟಿದ್ದ ಅದೇ ಊರು, ಅದೇ ಎದುರಾಳಿ ತಂಡ. ಅಂದು ವಾಕರ್ ಬ್ಯಾಟಿಗೆ ಒಂದೂ ಹಿಟ್ ದಕ್ಕಲಿಲ್ಲ, ಫೀಲ್ಡಿಂಗ್‌ನಲ್ಲಿ ನಾಲ್ಕು ತಪ್ಪುಗಳಾದವು, ಟೊಲೆಡೊ 1-5ರಿಂದ ಸೋತಿತು.

ಬೇಸ್‌ಬಾಲ್ ಪರಿಚಯ ಕಡಿಮೆಯಿರುವ ಓದುಗರಿಗೆ ಕ್ಯಾಚರ್‌ನ ಕೆಲಸದ ಬಗ್ಗೆ ನಾಲ್ಕು ಮಾತು ಇಲ್ಲಿ ಅಗತ್ಯ. ಕ್ರಿಕೆಟ್‌ನ ವಿಕೆಟ್ ಕೀಪರ್‌ನಂತೆ ಕ್ಯಾಚರ್ ಬ್ಯಾಟುಗಾರನ ಹಿಂದಿರುತ್ತಾನೆ. ಪಿಚರ್ ಎಸೆಯುವ ಪ್ರತಿ ಚೆಂಡೂ ನೆಲಕ್ಕೆ ಬೀಳದೆ ನೇರವಾಗಿ ಅವನತ್ತ ಬರುತ್ತದೆ. ಈಗ ಪಿಚರ್ ಮತ್ತು ಬ್ಯಾಟುಗಾರನ ನಡುವಣ ಅಂತರ 60 ಅಡಿ 6 ಅಂಗುಲ. 1884ರಲ್ಲಿ ಅದು 50 ಅಡಿ ಮಾತ್ರ. ಇಂದಿನ ಕ್ಯಾಚರ್‌ಗಳು ಧರಿಸುವ ದಪ್ಪ ಮೆತ್ತೆಯ ಗವುಸು, ಕಾಲಿನ ಕವಚ ಆಗ ಇರಲಿಲ್ಲ. ವಾಕರ್ ಬಹುಮಟ್ಟಿಗೆ ಬರಿಗೈಯಲ್ಲಿಯೇ ಚೆಂಡು ಹಿಡಿಯುತ್ತಿದ್ದರು. ಬೆರಳು ಮುರಿಯುವುದು, ಉಗುರು ಕೀಳುವುದು ಆ ಕಾಲದ ಕ್ಯಾಚರ್‌ಗಳಿಗೆ ದಿನನಿತ್ಯದ ಸಂಗತಿ. ಆದ್ದರಿಂದಲೇ ಒಬ್ಬನೇ ಕ್ಯಾಚರ್ ಋತುವಿನ ಎಲ್ಲ ಪಂದ್ಯಗಳಲ್ಲಿ ಆಡುವುದು ಅಪರೂಪವಾಗಿತ್ತು.

ಯಾವ ಬಗೆಯ ಚೆಂಡು ಬರಲಿದೆ ಎಂಬುದು ಕ್ಯಾಚರ್‌ಗೆ ಮೊದಲೇ ತಿಳಿದಿರಬೇಕು. ಅದಕ್ಕಾಗಿ ಅವನು ಸನ್ನೆ ಮಾಡುತ್ತಾನೆ, ಪಿಚರ್ ಅದರಂತೆ ಎಸೆಯುತ್ತಾನೆ. ಈ ಜೋಡಿಗೆ ಬೇಸ್‌ಬಾಲ್ ಭಾಷೆಯಲ್ಲಿ 'ಬ್ಯಾಟರಿ' ಎಂಬ ಹೆಸರಿದೆ. 1884ರಲ್ಲಿ ವಾಕರ್ ಜೋಡಿಯಾಗಿದ್ದ ಪ್ರಮುಖ ಪಿಚರ್ ಟೋನಿ ಮುಲೇನ್. ಐರ್ಲೆಂಡ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದಿದ್ದ ಮುಲೇನ್ ಆ ಋತುವಿನಲ್ಲಿ ಟೊಲೆಡೊಗೆ 36 ಪಂದ್ಯ ಗೆದ್ದುಕೊಟ್ಟರು. 35 ವರ್ಷಗಳ ನಂತರ, 1919ರಲ್ಲಿ, ಅವರೇ ಒಂದು ಸಂಗತಿಯನ್ನು ಪತ್ರಿಕೆಯ ಮುಂದೆ ಒಪ್ಪಿಕೊಂಡರು. ತಾವು ಜೊತೆಯಾಗಿ ಆಡಿದ ಕ್ಯಾಚರ್‌ಗಳಲ್ಲೆಲ್ಲ ವಾಕರ್ ಅತ್ಯುತ್ತಮ, ಆದರೆ ಕಪ್ಪು ಮನುಷ್ಯನನ್ನು ಕಂಡರೆ ತಮಗಾಗುತ್ತಿರಲಿಲ್ಲವಾದ್ದರಿಂದ ಅವರ ಸನ್ನೆಗಳನ್ನು ನೋಡದೆ ಮನಸ್ಸಿಗೆ ಬಂದಂತೆ ಎಸೆಯುತ್ತಿದ್ದೆ ಎಂದರು ಮುಲೇನ್. ಅಂದರೆ ಆ ಕಾಲದ ವೇಗದ ಪಿಚರ್‌ಗಳಲ್ಲೊಬ್ಬರ ಚೆಂಡು ಎತ್ತ ತಿರುಗುತ್ತದೆಂಬ ಸುಳಿವಿಲ್ಲದೆಯೇ ವಾಕರ್ ಬರಿಗೈಯಲ್ಲಿ ಅದನ್ನು ಹಿಡಿಯಬೇಕಾಗಿತ್ತು. ವಾಕರ್ ಅವರ ಹೆಸರಿನಲ್ಲಿ ದಾಖಲಾದ ಫೀಲ್ಡಿಂಗ್ ತಪ್ಪುಗಳ ಸಂಖ್ಯೆಯನ್ನು ಓದುವವರು ಈ ಮಾತನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು ಒಳಿತು. ಅಂಕಿಅಂಶ ಪುಸ್ತಕಗಳಲ್ಲಿ ಅದಕ್ಕೆ ಕಾಲಂ ಇಲ್ಲ.

ಗಾಯಗಳು ವಾಕರ್ ಅವರನ್ನು ಕಾಡಿದವು. ಜುಲೈನಲ್ಲಿ ಪಕ್ಕೆಲುಬು ಮುರಿಯಿತು. ತಂಡದಲ್ಲಿ ಆಟಗಾರರ ಕೊರತೆಯಾದಾಗ ತಮ್ಮ ವೆಲ್ಡಿಯನ್ನೂ ಕರೆಸಿಕೊಳ್ಳಲಾಯಿತು. ವೆಲ್ಡಿ ಐದು ಪಂದ್ಯಗಳಲ್ಲಿ ಆಡಿದರು. ಋತುವಿನ ಅಂತ್ಯಕ್ಕೆ ಅಣ್ಣನ ಲೆಕ್ಕ ಹೀಗಿತ್ತು: 42 ಪಂದ್ಯ, 152 ಬಾರಿ ಬ್ಯಾಟಿಂಗ್, 40 ಹಿಟ್, ಸರಾಸರಿ .263. ಲೀಗ್‌ನ ಒಟ್ಟಾರೆ ಸರಾಸರಿಗಿಂತ ಇದು ಮೇಲು. ಬರಿಗೈ ಕ್ಯಾಚರ್‌ನ ಮಟ್ಟಿಗಂತೂ ಒಳ್ಳೆಯ ಸಾಧನೆ. ತಂಡ 46 ಪಂದ್ಯ ಗೆದ್ದು 58ರಲ್ಲಿ ಸೋತು ಎಂಟನೇ ಸ್ಥಾನ ಪಡೆಯಿತು.

ಆಗಸ್ಟ್‌ನಲ್ಲಿ ಲೀಗ್‌ನ ವಾಷಿಂಗ್ಟನ್ ತಂಡ ಮುಚ್ಚಿಹೋಗಿ, ಅದರ ಸ್ಥಾನಕ್ಕೆ ವರ್ಜೀನಿಯಾದ ರಿಚ್ಮಂಡ್ ತಂಡ ಬಂದಿತು. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ರಾಜ್ಯಗಳಿಗೆ ರಾಜಧಾನಿಯಾಗಿದ್ದ ನಗರವೇ ಈ ರಿಚ್ಮಂಡ್. ಯುದ್ಧ ಮುಗಿದು ಆಗಿನ್ನೂ 19 ವರ್ಷ. ಟೊಲೆಡೊ ಅಲ್ಲಿಗೆ ಆಡಲು ಹೋಗುವ ಮುನ್ನ ಸೆಪ್ಟೆಂಬರ್‌ನಲ್ಲಿ ಮಾರ್ಟನ್ ಅವರಿಗೆ ಪತ್ರವೊಂದು ಬಂದಿತು. ವಾಕರ್ ಆಟದ ಉಡುಪಿನಲ್ಲಿ ಮೈದಾನಕ್ಕೆ ಬಂದರೆ 75 ಮಂದಿ ಮುಗಿಬೀಳಲು ಪಣ ತೊಟ್ಟಿದ್ದಾರೆ, ರಕ್ತಪಾತ ಬೇಡವಾದರೆ ಅವರನ್ನು ಕರೆತರಬೇಡಿ ಎಂಬುದು ಅದರ ಸಾರಾಂಶ. ಕೆಳಗೆ ನಾಲ್ವರ ಸಹಿ. ಆ ಹೆಸರುಗಳೆಲ್ಲ ಸುಳ್ಳೆಂದು ಬಳಿಕ ತಿಳಿದುಬಂದಿತು. ಗಾಯಗೊಂಡಿದ್ದ ವಾಕರ್ ಹೇಗೂ ಆ ಪ್ರವಾಸದಲ್ಲಿ ಆಡಲಿಲ್ಲ. ಸೆಪ್ಟೆಂಬರ್ 22ರಂದು ಟೊಲೆಡೊ ಅವರನ್ನು ಬಿಡುಗಡೆ ಮಾಡಿತು. ಹಣದ ಮುಗ್ಗಟ್ಟಿನಲ್ಲಿದ್ದ ಟೊಲೆಡೊ ತಂಡವೂ ಆ ಋತುವಿನ ನಂತರ ಲೀಗ್‌ನಲ್ಲಿ ಉಳಿಯಲಿಲ್ಲ.

'ಮೊದಲಿಗ' ಎಂಬ ಪದವಿಗೆ ಇನ್ನೊಂದು ಹೆಸರೂ ಕೇಳಿಬರುತ್ತದೆ. 1879ರ ಜೂನ್ 21ರಂದು ಪ್ರಾವಿಡೆನ್ಸ್ ಗ್ರೇಸ್ ತಂಡದ ಪರವಾಗಿ ಒಂದೇ ಒಂದು ಪಂದ್ಯ ಆಡಿದ ವಿಲಿಯಂ ಎಡ್ವರ್ಡ್ ವೈಟ್ ಎಂಬ ಕಾಲೇಜು ವಿದ್ಯಾರ್ಥಿ ಜಾರ್ಜಿಯಾದ ಬಿಳಿಯ ಜಮೀನುದಾರ ಹಾಗೂ ಆತನ ಗುಲಾಮ ಸ್ತ್ರೀಯ ಮಗನೆಂದು ಬೇಸ್‌ಬಾಲ್ ಸಂಶೋಧಕರು 2000ದ ದಶಕದಲ್ಲಿ ಬೆಳಕಿಗೆ ತಂದರು. ಆದರೆ ವೈಟ್ ತಮ್ಮನ್ನು ಬಿಳಿಯರೆಂದೇ ಗುರುತಿಸಿಕೊಂಡು ಬದುಕಿದವರು. ಹಾಗಾಗಿ, ಎಲ್ಲರಿಗೂ ತಿಳಿದಂತೆ ಕಪ್ಪು ಮನುಷ್ಯನಾಗಿಯೇ ಮೇಜರ್ ಲೀಗ್‌ನಲ್ಲಿ ಆಡಿದ ಮೊದಲಿಗ ವಾಕರ್ ಎಂಬ ಮಾತು ಉಳಿದುಕೊಂಡಿದೆ. ರಿಚ್ಮಂಡ್‌ನಿಂದ ಬೆದರಿಕೆ ಪತ್ರ ಬಂದದ್ದು ವಾಕರ್ ಹೆಸರಿಗೇ ಅಲ್ಲವೇ?

1887ರ ಜುಲೈ 14

ಟೊಲೆಡೊ ನಂತರ ವಾಕರ್ ಕ್ಲೀವ್‌ಲೆಂಡ್‌ನ ಅಲ್ಪಾಯುಷಿ ತಂಡವೊಂದರಲ್ಲಿ, ಬಳಿಕ ಕನೆಕ್ಟಿಕಟ್‌ನ ವಾಟರ್‌ಬರಿಯಲ್ಲಿ ಆಡಿದರು. 1887ರಲ್ಲಿ ನ್ಯೂಜೆರ್ಸಿಯ ನ್ಯೂಆರ್ಕ್ ಲಿಟ್ಲ್ ಜೈಂಟ್ಸ್ ತಂಡ ಸೇರಿದರು. ಮೇಜರ್ ಲೀಗ್‌ಗಳಿಗೆ ಒಂದು ಮೆಟ್ಟಿಲು ಕೆಳಗಿದ್ದ ಇಂಟರ್‌ನ್ಯಾಷನಲ್ ಲೀಗ್‌ನ ತಂಡವಿದು. ಅಲ್ಲಿ ಅವರಿಗೆ ಜೊತೆಯಾದ ಪಿಚರ್ ಜಾರ್ಜ್ ಸ್ಟೋವಿ. ಅವರೂ ಕಪ್ಪು ಜನಾಂಗದವರು. ಬಿಳಿಯರ ಲೀಗ್‌ನಲ್ಲಿ ಪಿಚರ್, ಕ್ಯಾಚರ್ ಇಬ್ಬರೂ ಕಪ್ಪು ಆಟಗಾರರಾಗಿದ್ದ ಮೊದಲ ಜೋಡಿ ಇದೆಂದು ತಿಳಿದುಬರುತ್ತದೆ. ಸನ್ನೆಗಳನ್ನು ಗೌರವಿಸುವ ಪಿಚರ್ ಕೊನೆಗೂ ವಾಕರ್‌ಗೆ ದೊರೆತಿದ್ದರು. ಆ ಋತುವಿನಲ್ಲಿ ಸ್ಟೋವಿ 30ಕ್ಕೂ ಹೆಚ್ಚು ಪಂದ್ಯ ಗೆದ್ದರು.

ಇವರಿಬ್ಬರೇ ಅಲ್ಲ. ಬಫಲೊ ತಂಡದಲ್ಲಿ ಫ್ರಾಂಕ್ ಗ್ರಾಂಟ್, ಬಿಂಗಮ್ಟನ್‌ನಲ್ಲಿ ಬಡ್ ಫೌಲರ್, ಸಿರಕ್ಯೂಸ್‌ನಲ್ಲಿ ರಾಬರ್ಟ್ ಹಿಗಿನ್ಸ್ ಹೀಗೆ ಹಲವು ಕಪ್ಪು ಆಟಗಾರರು ಆ ವರ್ಷ ಇಂಟರ್‌ನ್ಯಾಷನಲ್ ಲೀಗ್‌ನಲ್ಲಿದ್ದರು. ಇನ್ನು ನಾಲ್ಕೈದು ವರ್ಷ ಹೀಗೇ ಸಾಗಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಸಂಖ್ಯೆ ಬೆಳೆದಂತೆ ವಿರೋಧವೂ ಬೆಳೆಯಿತು. ಸಿರಕ್ಯೂಸ್‌ನ ಬಿಳಿಯ ಪಿಚರ್ ಒಬ್ಬರು ಹಿಗಿನ್ಸ್ ಜೊತೆ ತಂಡದ ಛಾಯಾಚಿತ್ರಕ್ಕೆ ನಿಲ್ಲಲು ಒಪ್ಪದೆ, ಪ್ರಶ್ನಿಸಿದ ವ್ಯವಸ್ಥಾಪಕರ ಮೇಲೆಯೇ ಕೈ ಮಾಡಿದರು.

ಜುಲೈ 14ರಂದು ಎರಡು ಊರುಗಳಲ್ಲಿ ಎರಡು ಘಟನೆಗಳು ನಡೆದವು. ನ್ಯೂಆರ್ಕ್‌ಗೆ ಪ್ರದರ್ಶನ ಪಂದ್ಯಕ್ಕೆ ಬಂದ ಆನ್ಸನ್ ಅವರ ಷಿಕಾಗೊ ತಂಡ ಕಪ್ಪು ಆಟಗಾರರ ವಿರುದ್ಧ ಆಡಲು ಮತ್ತೆ ನಿರಾಕರಿಸಿತು. ಈ ಬಾರಿ ಮಾರ್ಟನ್‌ರಂಥವರು ಎದುರಿಗಿರಲಿಲ್ಲ. ವಾಕರ್ ಮತ್ತು ಸ್ಟೋವಿ ಹೊರಗುಳಿದರು. ಸ್ಟೋವಿ ಅವರಿಗೆ ಅನಾರೋಗ್ಯವೆಂಬ ಕಾರಣ ನೀಡಲಾಯಿತು. ಅದೇ ದಿನ ಬಫಲೊದಲ್ಲಿ ಸೇರಿದ್ದ ಇಂಟರ್‌ನ್ಯಾಷನಲ್ ಲೀಗ್ ನಿರ್ದೇಶಕರು, ಇನ್ನು ಮುಂದೆ ಕಪ್ಪು ಆಟಗಾರರ ಹೊಸ ಕರಾರುಗಳಿಗೆ ಒಪ್ಪಿಗೆ ನೀಡಬಾರದೆಂದು 6-4 ಮತಗಳಿಂದ ತೀರ್ಮಾನಿಸಿದರು. ಪರವಾಗಿ ಮತ ಹಾಕಿದ ಆರೂ ತಂಡಗಳಲ್ಲಿ ಬಿಳಿಯರಷ್ಟೇ ಇದ್ದರು. ಕಪ್ಪು ಆಟಗಾರರಿದ್ದ ನಾಲ್ಕು ತಂಡಗಳು ವಿರೋಧಿಸಿದವು. ಎರಡು ಮತ ಆಚೀಚೆ ಆಗಿದ್ದರೆ ಗೊತ್ತುವಳಿ ಬಿದ್ದುಹೋಗುತ್ತಿತ್ತು.

ಆನ್ಸನ್ ಒಬ್ಬರೇ ಬೇಸ್‌ಬಾಲ್‌ಗೆ ವರ್ಣಭೇದ ತಂದರೆಂಬ ಮಾತು ಬಹುಕಾಲದಿಂದ ಪ್ರಚಲಿತವಾಗಿದೆ. ಅವರ ಪ್ರಭಾವ ದೊಡ್ಡದಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬಫಲೊ ಸಭೆಯಲ್ಲಿ ಕೈ ಎತ್ತಿದವರು ಆನ್ಸನ್ ಅಲ್ಲ. ಲೂಯಿವಿಲ್‌ನಲ್ಲಿ ಮೈದಾನ ಬಿಟ್ಟು ಹೋದವರೂ ಅಲ್ಲ. ದೇಶದ ವಾತಾವರಣವೂ ಬದಲಾಗುತ್ತಿತ್ತು. ಸಾರ್ವಜನಿಕ ಸ್ಥಳಗಳಲ್ಲಿ ಸಮಾನ ಪ್ರವೇಶ ಒದಗಿಸಿದ್ದ 1875ರ ನಾಗರಿಕ ಹಕ್ಕುಗಳ ಕಾಯಿದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1883ರಲ್ಲಿ ರದ್ದುಪಡಿಸಿತ್ತು. ಎಲ್ಲ ಹೊಣೆಯನ್ನೂ ಒಬ್ಬ ತಾರೆಯ ತಲೆಗೆ ಕಟ್ಟಿದರೆ ಉಳಿದವರೆಲ್ಲ ಸುಲಭವಾಗಿ ಪಾರಾಗುತ್ತಾರೆ.

1888ರಲ್ಲಿ ಓಹಾಯೊದ ಟ್ರೈ-ಸ್ಟೇಟ್ ಲೀಗ್ ಕೂಡ ಇಂಥದೇ ನಿಷೇಧಕ್ಕೆ ಮುಂದಾದಾಗ ಬಹಿರಂಗವಾಗಿ ಪ್ರತಿಭಟಿಸಿದವರು ತಮ್ಮ ವೆಲ್ಡಿ. ಲೀಗ್ ಅಧ್ಯಕ್ಷರಿಗೆ ಅವರು ಬರೆದ ಪತ್ರ 'ಸ್ಪೋರ್ಟಿಂಗ್ ಲೈಫ್' ಪತ್ರಿಕೆಯಲ್ಲಿ ಮಾರ್ಚ್‌ನಲ್ಲಿ ಪ್ರಕಟವಾಯಿತು. ಈ ನಿಯಮ ಓಹಾಯೊ ಕಾನೂನಿಗೆ ಕಳಂಕ, ಆಟಗಾರನನ್ನು ಆರಿಸುವಾಗ ಅವನ ಯೋಗ್ಯತೆ, ನಡತೆ ನೋಡಬೇಕೇ ಹೊರತು ಚರ್ಮದ ಬಣ್ಣವನ್ನಲ್ಲ ಎಂಬುದು ಅವರ ವಾದವಾಗಿತ್ತು. 19ನೇ ಶತಮಾನದಲ್ಲಿ ಕಪ್ಪು ಆಟಗಾರನೊಬ್ಬ ಬೇಸ್‌ಬಾಲ್ ಆಡಳಿತಕ್ಕೆ ಬರೆದ ಪತ್ರಗಳಲ್ಲಿ ಇದರಷ್ಟು ಸ್ಪಷ್ಟವಾದದ್ದು ಅಪರೂಪ.

ಹಳೆಯ ಕರಾರುಗಳಿಗೆ ಬಫಲೊ ನಿರ್ಧಾರ ಅನ್ವಯಿಸದಿದ್ದುದರಿಂದ ಅಣ್ಣ ಇನ್ನೆರಡು ಋತು ಆಡಲು ಸಾಧ್ಯವಾಯಿತು. ನ್ಯೂಆರ್ಕ್‌ನ ವ್ಯವಸ್ಥಾಪಕ ಚಾರ್ಲಿ ಹ್ಯಾಕೆಟ್ ಸಿರಕ್ಯೂಸ್ ಸ್ಟಾರ್ಸ್ ತಂಡಕ್ಕೆ ಹೋದಾಗ ವಾಕರ್ ಕೂಡ ಹಿಂಬಾಲಿಸಿದರು. 1888ರಲ್ಲಿ ಸಿರಕ್ಯೂಸ್ ಪ್ರಶಸ್ತಿ ಗೆದ್ದಿತು. ಆ ವೇಳೆಗೆ ವಾಕರ್ ಬ್ಯಾಟಿಂಗ್ ಮಂಕಾಗಿತ್ತು, ವಯಸ್ಸು ಮೂವತ್ತು ದಾಟಿತ್ತು. 1889ರ ಆಗಸ್ಟ್‌ನಲ್ಲಿ ತಂಡ ಅವರನ್ನು ಬಿಡುಗಡೆ ಮಾಡಿತು. ಆ ಲೀಗ್‌ನಲ್ಲಿ ಮತ್ತೊಬ್ಬ ಕಪ್ಪು ಆಟಗಾರ ಕಾಣಿಸಿಕೊಂಡದ್ದು 1946ರಲ್ಲಿ, ಮಾಂಟ್ರಿಯಲ್ ರಾಯಲ್ಸ್ ತಂಡದಲ್ಲಿ. ಅವರೇ ಜಾಕಿ ರಾಬಿನ್ಸನ್. ನಡುವಣ 57 ವರ್ಷಗಳಲ್ಲಿ ಬೇಸ್‌ಬಾಲ್‌ನ ಆಡಳಿತಗಾರರು ತಮ್ಮಲ್ಲಿ ವರ್ಣನಿಷೇಧದ ನಿಯಮವೇ ಇಲ್ಲ ಎಂದು ಹೇಳಲು ಸಾಧ್ಯವಿತ್ತು. ಮೇಜರ್ ಲೀಗ್‌ಗಳ ಮಟ್ಟಿಗೆ ಕಾಗದದ ಮೇಲೆ ಅದು ಸುಳ್ಳೂ ಆಗಿರಲಿಲ್ಲ. 'ಸಜ್ಜನರ ಒಪ್ಪಂದ' ಎಂಬ ಹೆಸರಿನಲ್ಲಿ ಎಲ್ಲವೂ ನಡೆಯುತ್ತಿತ್ತು.

ಮೈದಾನದಾಚೆ

ಆಟ ಮುಗಿದ ಮೇಲಿನ ವಾಕರ್ ಬದುಕು ಕಾದಂಬರಿಯಷ್ಟು ತಿರುವುಗಳಿಂದ ಕೂಡಿದೆ. 1891ರ ಏಪ್ರಿಲ್ 9ರಂದು ಸಿರಕ್ಯೂಸ್‌ನಲ್ಲಿ ಮದ್ಯದಂಗಡಿಯೊಂದರ ಬಳಿ ಬಿಳಿಯರ ಗುಂಪಿನೊಂದಿಗೆ ಮಾತಿಗೆ ಮಾತು ಬೆಳೆದು ಹೊಡೆದಾಟವಾಯಿತು. ವಾಕರ್ ತಮ್ಮ ಜೇಬಿನ ಚೂರಿಯಿಂದ ಇರಿದಾಗ ಪ್ಯಾಟ್ರಿಕ್ ಮರ್ರೆ ಎಂಬಾತ ಗಾಯಗೊಂಡು ಅಸುನೀಗಿದ. ಆತ್ಮರಕ್ಷಣೆಗಾಗಿ ಹಾಗೆ ಮಾಡಿದೆ ಎಂದ ವಾಕರ್ ವಿರುದ್ಧ ಎರಡನೇ ದರ್ಜೆಯ ಕೊಲೆ ಆರೋಪ ದಾಖಲಾಯಿತು. ಜೂನ್ 3ರಂದು ನ್ಯಾಯದರ್ಶಿಗಳು ಅವರನ್ನು ನಿರ್ದೋಷಿ ಎಂದು ಘೋಷಿಸಿದಾಗ ನ್ಯಾಯಾಲಯದಲ್ಲಿ ನೆರೆದಿದ್ದ ಜನ ಹರ್ಷ ವ್ಯಕ್ತಪಡಿಸಿದರು. ನ್ಯಾಯದರ್ಶಿಗಳೆಲ್ಲರೂ ಬಿಳಿಯರು ಎಂಬುದು ಉಲ್ಲೇಖಾರ್ಹ. ಸಿರಕ್ಯೂಸ್‌ನಲ್ಲಿ ವಾಕರ್ ಎಷ್ಟು ಜನಪ್ರಿಯರಾಗಿದ್ದರು ಎಂಬುದನ್ನೂ ಇದು ತೋರಿಸುತ್ತದೆ.

ಅದೇ ವರ್ಷ ಅವರು ಫಿರಂಗಿ ಗುಂಡೊಂದರ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಬಳಿಕ ಸ್ಟೂಬನ್‌ವಿಲ್‌ಗೆ ಮರಳಿ ಅಂಚೆ ಇಲಾಖೆಯಲ್ಲಿ, ರೈಲಿನಲ್ಲಿ ಸಾಗುವ ನೋಂದಾಯಿತ ಅಂಚೆ ನಿರ್ವಹಿಸುವ ಗುಮಾಸ್ತರಾದರು. 1895ರಲ್ಲಿ ಪತ್ನಿ ಅರಾಬೆಲಾ ಕ್ಯಾನ್ಸರ್‌ನಿಂದ ತೀರಿಕೊಂಡರು. ಮೂರು ವರ್ಷಗಳ ನಂತರ ಓಬರ್ಲಿನ್‌ನ ಮತ್ತೊಬ್ಬ ಸಹಪಾಠಿ ಎಡ್ನಾ ಮೇಸನ್ ಅವರನ್ನು ವಿವಾಹವಾದರು. ಆದರೆ ಅದೇ 1898ರಲ್ಲಿ ನೋಂದಾಯಿತ ಪತ್ರಗಳಲ್ಲಿದ್ದ ಹಣ ಕದ್ದ ಆರೋಪದ ಮೇಲೆ ಬಂಧನವಾಗಿ, ಒಂದು ವರ್ಷದ ಸೆರೆವಾಸ ಅನುಭವಿಸಿದರು. ವಾಕರ್ ಅವರನ್ನು ಹುತಾತ್ಮನಂತೆ ಚಿತ್ರಿಸುವ ಬರಹಗಳು ಈ ಅಧ್ಯಾಯವನ್ನು ಬೇಗನೆ ದಾಟಿಹೋಗುತ್ತವೆ. ಹಾಗೆ ಮಾಡುವ ಅಗತ್ಯವೇನೂ ಇಲ್ಲ.

ಸೆರೆಯಿಂದ ಬಂದ ಮೇಲೆ ಅಣ್ಣ ತಮ್ಮ ಸೇರಿ ಸ್ಟೂಬನ್‌ವಿಲ್‌ನಲ್ಲಿ ಹೋಟೆಲ್ ನಡೆಸಿದರು. 1902ರ ಸುಮಾರಿಗೆ 'ದಿ ಈಕ್ವೇಟರ್' ಎಂಬ ಪತ್ರಿಕೆಯನ್ನೂ ಹೊರತಂದರು. 1904ರಿಂದ ವಾಕರ್ ಸಮೀಪದ ಕ್ಯಾಡಿಜ್ ಪಟ್ಟಣದ ಆಪೆರಾ ಹೌಸ್ ನಡೆಸತೊಡಗಿದರು. ಹಾಲಿವುಡ್ ನಟ ಕ್ಲಾರ್ಕ್ ಗೇಬಲ್ ಹುಟ್ಟಿದ ಊರದು. ನಾಟಕ, ಸಂಗೀತದ ಜೊತೆಗೆ ಆಗತಾನೇ ಬಂದಿದ್ದ ಚಲನಚಿತ್ರಗಳನ್ನೂ ಅಲ್ಲಿ ತೋರಿಸಲಾಗುತ್ತಿತ್ತು. ಸಿನಿಮಾ ರೀಲು ಬದಲಿಸುವಾಗ ಆಗುವ ತೊಡಕನ್ನು ದಿನವೂ ಕಂಡಿದ್ದ ವಾಕರ್ 1920ರಲ್ಲಿ ಆ ಸಂಬಂಧದ ಸಾಧನಗಳಿಗೆ ಮೂರು ಪೇಟೆಂಟ್ ಪಡೆದರು. ಆಗ ಅವರಿಗೆ ಅರವತ್ತು ದಾಟಿತ್ತು. ಅದೇ ವರ್ಷ ಎಡ್ನಾ ನಿಧನರಾದರು. 1922ರಲ್ಲಿ ಅವರು ಚಿತ್ರಮಂದಿರವನ್ನು ಮಾರಿದರು.

ಇವೆಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದದ್ದು 1908ರಲ್ಲಿ ಪ್ರಕಟವಾದ 'ಅವರ್ ಹೋಂ ಕಾಲನಿ' ಎಂಬ 47 ಪುಟಗಳ ಪುಸ್ತಕ. ಅಮೆರಿಕದಲ್ಲಿ ಕಪ್ಪು ಜನಾಂಗದ ಹಿಂದು, ಇಂದು, ಮುಂದುಗಳನ್ನು ವಿಶ್ಲೇಷಿಸುವ ಈ ಗ್ರಂಥದಲ್ಲಿ ವಾಕರ್ ತಲುಪುವ ತೀರ್ಮಾನ ಕಠೋರವಾದುದು. ಬಿಳಿಯರು ಮತ್ತು ಕಪ್ಪು ಜನರು ಒಂದೇ ದೇಶದಲ್ಲಿ ಸಮಾನರಾಗಿ ಬಾಳುವುದು ಅಸಾಧ್ಯ, ಕಪ್ಪು ಜನರು ಆಫ್ರಿಕಕ್ಕೆ ಮರಳುವುದೊಂದೇ ದಾರಿ ಎಂದು ಅವರು ಪ್ರತಿಪಾದಿಸಿದರು. ಇಂಥ ವಿಚಾರವನ್ನು ಮಾರ್ಕಸ್ ಗಾರ್ವೆ ದೊಡ್ಡ ಚಳವಳಿಯಾಗಿ ಬೆಳೆಸಿದ್ದು ಅದಾದ ಬಹು ವರ್ಷಗಳ ನಂತರ. ಬಿಳಿಯರೊಂದಿಗೆ ಓದಿ, ಬಿಳಿಯರ ತಂಡಗಳಲ್ಲಿ ಆಡಿ, ಬಿಳಿಯ ಪ್ರೇಕ್ಷಕರ ಚಪ್ಪಾಳೆಯನ್ನೂ ಗಿಟ್ಟಿಸಿದ್ದ ವ್ಯಕ್ತಿ ಈ ನಿಲುವಿಗೆ ಬಂದದ್ದು ಏಕೆ? ಅವರ ಜೀವನಚರಿತ್ರೆಯನ್ನು 1995ರಲ್ಲಿ ಪ್ರಕಟಿಸಿದ ಡೇವಿಡ್ ಜಾಂಗ್ ತಮ್ಮ ಕೃತಿಯ ಹೆಸರಿನಲ್ಲಿಯೇ ವಾಕರ್ ಅವರದು 'ಇಬ್ಭಾಗವಾದ ಹೃದಯ' ಎಂದು ಕರೆದಿದ್ದಾರೆ. ಆದರೆ 1881ರಿಂದ 1889ರವರೆಗಿನ ಘಟನೆಗಳನ್ನು ಸಾಲಾಗಿ ಓದಿದವರಿಗೆ ಪುಸ್ತಕದ ತೀರ್ಮಾನ ಅಷ್ಟೇನೂ ಅನಿರೀಕ್ಷಿತ ಎನಿಸುವುದಿಲ್ಲ.

ನಿಧನ ಮತ್ತು ಸ್ಮರಣೆ

1924ರ ಮೇ 11ರಂದು ನ್ಯುಮೋನಿಯಾದಿಂದ ಕ್ಲೀವ್‌ಲೆಂಡ್‌ನಲ್ಲಿ ವಾಕರ್ ನಿಧನರಾದರು. ವಯಸ್ಸು 67. ಸ್ಟೂಬನ್‌ವಿಲ್‌ನ ಯೂನಿಯನ್ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಲಾಯಿತು. 66 ವರ್ಷಗಳ ಕಾಲ ಆ ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲೂ ಇರಲಿಲ್ಲ. 1990ರಲ್ಲಿ ಓಬರ್ಲಿನ್ ಕಾಲೇಜಿನ ಕ್ರೀಡಾಭಿಮಾನಿಗಳ ಸಂಘ ಕಲ್ಲು ನೆಡಿಸಿತು. 1937ರಲ್ಲಿ ತೀರಿಕೊಂಡ ವೆಲ್ಡಿ ಕೂಡ ಅದೇ ಸ್ಮಶಾನದಲ್ಲಿದ್ದಾರೆ.

ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಕ್ಯಾಪ್ ಆನ್ಸನ್ 1939ರಲ್ಲಿಯೇ ಸೇರ್ಪಡೆಯಾದರು. ಫ್ರಾಂಕ್ ಗ್ರಾಂಟ್ ಅವರಿಗೆ 2006ರಲ್ಲಿ, ಬಡ್ ಫೌಲರ್ ಅವರಿಗೆ 2022ರಲ್ಲಿ ಆ ಗೌರವ ಸಂದಿತು. ಮೇಜರ್ ಲೀಗ್‌ನಲ್ಲಿ ಒಂದೇ ಋತು, 42 ಪಂದ್ಯ ಆಡಿದ ವಾಕರ್ ಅವರ ಹೆಸರು ಆ ಸಾಲಿಗೆ ಸೇರಿಲ್ಲ. 1920ರಿಂದ 1948ರವರೆಗಿನ ನೀಗ್ರೊ ಲೀಗ್‌ಗಳಿಗೆ ಮೇಜರ್ ಲೀಗ್ ಮಾನ್ಯತೆ ನೀಡುವುದಾಗಿ ಬೇಸ್‌ಬಾಲ್ ಆಡಳಿತ 2020ರಲ್ಲಿ ಪ್ರಕಟಿಸಿ, 2024ರಲ್ಲಿ ಅವುಗಳ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಿತು. 1889ರಿಂದ 1920ರ ನಡುವೆ ಆಡಿದ ಕಪ್ಪು ಆಟಗಾರರು ಆ ಲೆಕ್ಕದಿಂದಲೂ ಹೊರಗಿದ್ದಾರೆ.

ಓಹಾಯೊ ಶಾಸನಸಭೆ 2017ರಲ್ಲಿ ಅಂಗೀಕರಿಸಿದ ಕಾಯಿದೆಯೊಂದರ ಮೂಲಕ ವಾಕರ್ ಅವರ ಜನ್ಮದಿನವಾದ ಅಕ್ಟೋಬರ್ 7ನ್ನು 'ಮೋಸೆಸ್ ಫ್ಲೀಟ್‌ವುಡ್ ವಾಕರ್ ದಿನ' ಎಂದು ಘೋಷಿಸಿತು.